ಪ್ರತಿ ಉಳಿಯದ ಚಿತ್ರ, ಮರೆಯಾಗದ ಮುಖ

ಪ್ರಶ್ನೆ: ‘ಲಂಡನ್ ಆಫ್ಟರ್ ಮಿಡ್‌ನೈಟ್’ ಎಂಬ ಮೂಕಿ ಚಿತ್ರದ ಒಂದು ಪ್ರತಿಯೂ ಉಳಿದಿಲ್ಲವಂತೆ. ಈಗ ಯಾರಿಗೂ ನೋಡಲು ಸಿಗದ ಚಿತ್ರದ ಬಗ್ಗೆ ಇಷ್ಟೊಂದು ಚರ್ಚೆ ಏಕೆ? ಅದು ದೆವ್ವದ ಚಿತ್ರವೋ, ಪತ್ತೇದಾರಿ ಚಿತ್ರವೋ?
– ಓದುಗರೊಬ್ಬರು, ಧಾರವಾಡ

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಟಾಡ್ ಬ್ರೌನಿಂಗ್ ನಿರ್ದೇಶನದಲ್ಲಿ ಎಂಜಿಎಂ ಸಂಸ್ಥೆ 1927ರಲ್ಲಿ ತೆರೆಗೆ ತಂದ ಈ ಚಿತ್ರ ಮೂಲತಃ ಒಂದು ಕೊಲೆಯ ತನಿಖೆ. ಶ್ರೀಮಂತನೊಬ್ಬ ತನ್ನ ಮನೆಯಲ್ಲೇ ಸತ್ತುಬಿದ್ದಿರುತ್ತಾನೆ. ಅದು ಆತ್ಮಹತ್ಯೆಯೆಂದು ತೀರ್ಮಾನವಾಗುತ್ತದೆ. ಐದು ವರ್ಷಗಳ ಬಳಿಕ ಪಾಳುಬಿದ್ದ ಆ ಮನೆಗೆ ಎತ್ತರದ ಟೋಪಿ ಧರಿಸಿದ, ಚೂಪು ಹಲ್ಲುಗಳ ವಿಕಾರ ಮನುಷ್ಯನೊಬ್ಬ ವಾಸಕ್ಕೆ ಬರುತ್ತಾನೆ. ಸುತ್ತಲಿನವರು ರಕ್ತಪಿಶಾಚಿಯೆಂದು ನಡುಗುವ ಆ ಆಕೃತಿ ಸ್ಕಾಟ್ಲೆಂಡ್ ಯಾರ್ಡಿನ ಇನ್‌ಸ್ಪೆಕ್ಟರ್ ಬರ್ಕ್ ತೊಟ್ಟ ವೇಷ. ಶಂಕಿತನನ್ನು ಸಮ್ಮೋಹನಕ್ಕೆ ಒಳಪಡಿಸಿ, ಕೊಲೆಯ ರಾತ್ರಿಯನ್ನು ಮತ್ತೆ ನಡೆಯಿಸಿ, ಅಪರಾಧಿಯೇ ತನ್ನ ಕೃತ್ಯವನ್ನು ಪುನರಭಿನಯಿಸುವಂತೆ ಮಾಡುವುದು ಅವನ ಉಪಾಯ. ಬರ್ಕ್‌ನ ಪಾತ್ರವನ್ನೂ ಆ ವೇಷವನ್ನೂ ನಿರ್ವಹಿಸಿದವನು ಲಾನ್ ಚೇನಿ. ತನ್ನ ಮುಖದ ಬಣ್ಣಗಾರಿಕೆಯನ್ನು ತಾನೇ ಮಾಡಿಕೊಳ್ಳುತ್ತಿದ್ದ ಅಪೂರ್ವ ನಟ.

ಆ ಕಾಲದ ಚಿತ್ರಗಳನ್ನು ಬೇಗನೆ ಹೊತ್ತಿಕೊಳ್ಳುವ ನೈಟ್ರೇಟ್ ಫಿಲ್ಮ್‌ನಲ್ಲಿ ಮುದ್ರಿಸುತ್ತಿದ್ದರು. 1960ರ ದಶಕದಲ್ಲಿ ಎಂಜಿಎಂ ಉಗ್ರಾಣವೊಂದಕ್ಕೆ ಬೆಂಕಿ ಬಿದ್ದಾಗ ಉಳಿದಿದ್ದ ಕೊನೆಯ ಪ್ರತಿಯೂ ಸುಟ್ಟುಹೋಯಿತೆಂಬುದು ಸಾಮಾನ್ಯವಾಗಿ ಒಪ್ಪಿತವಾದ ವಿವರಣೆ.

ಆದರೆ ಚಿತ್ರೀಕರಣದ ಸ್ಥಿರಚಿತ್ರಗಳು ಉಳಿದವು. ಕಥೆಯನ್ನು ನೋಡಲಾಗದ ತಲೆಮಾರುಗಳಿಗೆ ಆ ಟೋಪಿ, ಆ ಕಣ್ಣು, ಆ ನಗೆ ಮಾತ್ರ ದಕ್ಕಿದ್ದರಿಂದಲೇ ಪತ್ತೇದಾರಿ ಚಿತ್ರವೊಂದು ದೆವ್ವದ ಚಿತ್ರವೆಂದು ಹೆಸರಾಯಿತೆಂದು ನನಗನ್ನಿಸುತ್ತದೆ. ಬ್ರೌನಿಂಗ್ ಇದೇ ಕಥೆಯನ್ನು 1935ರಲ್ಲಿ ‘ಮಾರ್ಕ್ ಆಫ್ ದಿ ವ್ಯಾಂಪೈರ್’ ಎಂಬ ವಾಕ್ಚಿತ್ರವಾಗಿ ಮತ್ತೆ ತೆಗೆದ; ಅದು ಇಂದಿಗೂ ಲಭ್ಯವಿರುವುದರಿಂದ, ಕಥೆಯ ಕಟ್ಟನ್ನು ತಿಳಿಯಬಯಸುವವರು ಅದನ್ನು ನೋಡಬಹುದು. ಎರಡನ್ನೂ ಕಂಡಿದ್ದ ಕೆಲವು ಇತಿಹಾಸಕಾರರು ಎರಡನೆಯದೇ ಉತ್ತಮವೆಂದಿದ್ದಾರೆ. 2002ರಲ್ಲಿ ಟರ್ನರ್ ಕ್ಲಾಸಿಕ್ ಮೂವೀಸ್ ವಾಹಿನಿಗಾಗಿ ಸ್ಥಿರಚಿತ್ರಗಳನ್ನು ಕಥಾಕ್ರಮದಲ್ಲಿ ಜೋಡಿಸಿ ಮೂಲದ ಒಂದು ರೂಪವನ್ನು ಸಿದ್ಧಪಡಿಸಲಾಯಿತು. ಅದು ಶ್ರದ್ಧೆಯ ಕೆಲಸವೇ ಹೌದು. ಆದರೂ ಚೇನಿಯ ಕಲೆಯಿದ್ದದ್ದು ಮುಖದಷ್ಟೇ ನಡಿಗೆಯಲ್ಲಿ, ಬೆನ್ನು ಬಾಗಿಸುವ ರೀತಿಯಲ್ಲಿ, ಕೈಬೆರಳುಗಳ ಚಲನೆಯಲ್ಲಿ, ಮತ್ತು ಅದನ್ನು ಯಾವ ಸ್ಥಿರಚಿತ್ರವೂ ಹಿಡಿದಿಟ್ಟುಕೊಂಡಿಲ್ಲ.