ಸ್ಟೀರಾಯ್ಡ್ ಜೊತೆ ಜಿಂಕ್ ಗುಳಿಗೆ ಬೇಕಾ?

ಪ್ರಶ್ನೆ: ನಮ್ಮ ಅವ್ವನಿಗೆ 58 ವರ್ಷ. ಕೀಲುವಾತಕ್ಕೆ ನಾಲ್ಕು ತಿಂಗಳಿಂದ ದಿನಾ 10 ಮಿಲಿಗ್ರಾಂ ಪ್ರೆಡ್ನಿಸೋಲೋನ್ ಅನ್ನೋ ಸ್ಟೀರಾಯ್ಡ್ ತಗೊಳ್ತಾರೆ. ಮೇಲಿಂದ ಮೇಲೆ ನೆಗಡಿ, ಕೆಮ್ಮು. ಔಷಧಿ ಅಂಗಡಿಯವರು ‘ಇಮ್ಯುನಿಟಿ ಬರ್ತದ’ ಅಂತ 50 ಮಿಲಿಗ್ರಾಂ ಜಿಂಕ್ ಗುಳಿಗೆ ಕೊಟ್ಟಿದ್ದಾರೆ. ಎಷ್ಟು ದಿನ ಕೊಡಬಹುದು?
– ಓದುಗರು, ಗದಗ

ಉತ್ತರ: ಮೊದಲು ಆ ಗುಳಿಗೆ ಪಟ್ಟಿಯ ಹಿಂದೆ ಏನು ಬರೆದಿದೆ, ಓದಿ. ‘ಜಿಂಕ್ ಗ್ಲುಕೋನೇಟ್ 50’ ಅಂತಿದ್ದರೆ ಅದರೊಳಗಿನ ಜಿಂಕ್ ಬರೀ 7 ಮಿಲಿಗ್ರಾಂ. ‘ಎಲಿಮೆಂಟಲ್ ಜಿಂಕ್ 50’, ಅಂದರೆ ಬರೀ ಜಿಂಕೇ 50 ಮಿಲಿಗ್ರಾಂ ಅಂತಿದ್ದರೆ ಜಾಸ್ತಿಯಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಲೆಕ್ಕದಲ್ಲಿ ಹೆಂಗಸರಿಗೆ ದಿನಕ್ಕೆ 13.2 ಮಿಲಿಗ್ರಾಂ ಸಾಕು. ಡಾಕ್ಟರ್ ಹೇಳದೆ 40 ದಾಟಬಾರದು. ತಿಂಗಳುಗಟ್ಟಲೆ 50 ನುಂಗಿದರೆ ಕರುಳು ತಾಮ್ರ ಹೀರಿಕೊಳ್ಳುವುದು ಕಡಿಮೆಯಾಗುತ್ತದೆ. ತಾಮ್ರ ಇಳಿದರೆ ರಕ್ತಹೀನತೆ ಬರುತ್ತದೆ, ಬಿಳಿ ರಕ್ತಕಣಗಳೂ ಇಳಿಯುತ್ತವೆ. ರೋಗ ತಡೆಯಲಿ ಅಂತ ಕೊಟ್ಟಿದ್ದು ಉಲ್ಟಾ ಆಯಿತು, ಅಲ್ವಾ?

ಇನ್ನೊಂದು ಮಾತು. ಸ್ಟೀರಾಯ್ಡ್ ಕೀಲುನೋವು ಇಳಿಸುವುದೇ ರೋಗನಿರೋಧಕ ಶಕ್ತಿಯ ಅಬ್ಬರ ತಗ್ಗಿಸಿ. ಜಿಂಕ್ ಕೊರತೆ ಇದ್ದರೆ ತುಂಬಿಕೊಡಬೇಕು, ಸರಿ. ಕೊರತೆ ಇಲ್ಲದವರಿಗೆ ಎಷ್ಟು ಕೊಟ್ಟರೂ ಸ್ಟೀರಾಯ್ಡ್‌ನ ಆ ಪರಿಣಾಮ ಅಳಿಸಲಾಗದು. ಹಾಗಂತ ಹೆದರಿ ಪ್ರೆಡ್ನಿಸೋಲೋನ್ ತಟ್ಟನೆ ನಿಲ್ಲಿಸಬೇಡಿ. ನಾಲ್ಕು ತಿಂಗಳಲ್ಲಿ, ಮೈಗೆ ಬೇಕಾದ ಸ್ಟೀರಾಯ್ಡ್ ತಾನೇ ತಯಾರಿಸುವ ಅಡ್ರಿನಲ್ ಗ್ರಂಥಿ ಕೆಲಸ ಮರೆತಿರಬಹುದು. ಒಮ್ಮೆಲೇ ಬಿಟ್ಟರೆ ವಾಂತಿ, ಸುಸ್ತು, ಬಿಪಿ ಕುಸಿತ, ಜೀವಕ್ಕೂ ಅಪಾಯ.

ಊಟದ ವಿಷಯಕ್ಕೆ ಬಂದರೆ ನಮ್ಮ ಕಡೆಯ ತಾಟು ಕೆಟ್ಟದ್ದೇನಲ್ಲ. ಜೋಳದ ರೊಟ್ಟಿಯಲ್ಲಿ, ಕಾಳುಗಳಲ್ಲಿ ಜಿಂಕ್ ಇದೆ. ಆದರೆ ಜೊತೆಗಿರುವ ಫೈಟೇಟ್ ಅನ್ನೋ ಅಂಶ ಅದನ್ನು ಮೈಗೆ ಹತ್ತದಂತೆ ಹಿಡಿದಿಟ್ಟುಕೊಳ್ಳುತ್ತದೆ. ಕಾಳನ್ನು ನೆನೆಸಿ ಮೊಳಕೆ ತರಿಸಿದರೆ ಆ ಹಿಡಿತ ಸಡಿಲ. ಹಾಗಾಗಿ ಮಡಕಿಕಾಳು, ಹೆಸರುಕಾಳಿನ ಮೊಳಕೆ ಪಲ್ಯ ಮಾಡಿ. ಎಳ್ಳಿನಲ್ಲಿ ಜಿಂಕ್ ಚೆನ್ನಾಗಿದೆ, ಆದರೆ ಚಟ್ನಿಪುಡಿ ಎಷ್ಟು ತಿಂತೀವಿ, ಒಂದೆರಡು ಚಮಚ! ಮೊಸರು, ತತ್ತಿ, ತಿನ್ನುವವರಾದರೆ ಮಾಂಸ ಸೇರಿಸಿ. ನಿಜ ಹೇಳಬೇಕೆಂದರೆ, ಸ್ಟೀರಾಯ್ಡ್ ತಗೊಳ್ಳುವವರಿಗೆ ಜಿಂಕ್‌ಗಿಂತ ಮೊದಲು ನೋಡಬೇಕಾದ್ದು ಎಲುಬಿಗೆ ಕ್ಯಾಲ್ಸಿಯಂ, ವಿಟಮಿನ್ ಡಿ, ಮತ್ತೆ ರಕ್ತದ ಸಕ್ಕರೆ. ಫ್ಲೂ ಇಂಜೆಕ್ಷನ್ ಬಗ್ಗೆಯೂ ಡಾಕ್ಟರನ್ನು ಕೇಳಿ.

ನನಗೆ ಗುಳಿಗೆಗಿಂತ ಆ ಕೆಮ್ಮಿನ ಚಿಂತೆ. ಸ್ಟೀರಾಯ್ಡ್ ಇದ್ದಾಗ ಒಳಗೆ ಸೋಂಕಿದ್ದರೂ ಜ್ವರ ಜೋರಾಗಿ ಕಾಣದೇ ಇರಬಹುದು. ಕೆಮ್ಮು ಎರಡು ವಾರ ದಾಟಿದ್ದರೆ ಸುಮ್ನೆ ಕೂರಬೇಡಿ, ಸರ್ಕಾರಿ ಆಸ್ಪತ್ರೆಗೆ ಹೋಗಿ ಟಿಬಿಗಾಗಿ ಕಫ ಪರೀಕ್ಷೆ ಮಾಡಿಸಿ. ದುಡ್ಡು ಬೇಕಿಲ್ಲ. ಹೋಗುವಾಗ ಎರಡೂ ಗುಳಿಗೆ ಪಟ್ಟಿ ಜೊತೆಗಿರಲಿ.