ಗ್ಯಾರೇಜಲ್ಲಿ ಐದು ಸಾವಿರ ಪ್ಯಾಕು, ಒಂದು ಸಹಿನೂ ಇಲ್ಲ

ಪ್ರಶ್ನೆ: ಅಕ್ಕ, ನಂಗೆ 44 ವರ್ಷ, ಊರು ಹಾಸನದ ಕಡೆ, ನ್ಯೂಜೆರ್ಸಿಗೆ ಬಂದು ಹದಿನಾರು ವರ್ಷ ಆಯ್ತು. ಮೂರು ವರ್ಷದ ಹಿಂದೆ ಮಗ ಸ್ಕೂಲ್ ಟೀಮಲ್ಲಿ ಬೇಸ್‌ಬಾಲ್ ಆಡ್ತಿದ್ದ, ಆಗ ಅವನಿಗೆ 12. ಇಬ್ರೂ ಸೇರಿ ಬೇಸ್‌ಬಾಲ್ ಆಟಗಾರರ ಫೋಟೋ ಇರೋ ಕಾರ್ಡಿನ ಬಾಕ್ಸ್ ಒಂದು ತಗೊಂಡ್ವಿ, ಅಪ್ಪರ್ ಡೆಕ್ ಕಂಪನೀದು, 1990ರ ಹೈ ಸೀರೀಸ್ ಅಂದ್ರೆ ಆ ವರ್ಷದ ಎರಡನೇ ಕಂತು, ಅದ್ರಲ್ಲಿ ಹಳೇ ಸ್ಟಾರ್ ಆಟಗಾರ ರೆಗ್ಗಿ ಜಾಕ್ಸನ್ ಸಹಿ ಇರೋ ಕಾರ್ಡ್ ಸಿಗಬಹುದು ಅಂತ. ಸಿಗ್ಲಿಲ್ಲ, ಆದ್ರೆ ಅವತ್ತು ತುಂಬಾ ಮಜಾ ಬಂತು. ಆಮೇಲೆ ಮಗ ಬಿಟ್ಬಿಟ್ಟ, ನಾನು ಬಿಡ್ಲಿಲ್ಲ. ಇಲ್ಲಿವರೆಗೆ 140 ಬಾಕ್ಸ್, ಕ್ರೆಡಿಟ್ ಕಾರ್ಡಲ್ಲಿ ಒಂಬತ್ತು ಸಾವಿರ ಡಾಲರ್ ಬಾಕಿ. ಹೆಂಡತಿಗೆ ಗೊತ್ತಿಲ್ಲ, ರಾತ್ರಿ ಆಫೀಸ್ ಕಾಲ್ ಅಂತ ಹೇಳಿ ಗ್ಯಾರೇಜಲ್ಲಿ ಕೂತು ಬಿಚ್ತೀನಿ, ಖಾಲಿ ಬಾಕ್ಸ್ ಆಫೀಸಿನ ಡಸ್ಟ್‌ಬಿನ್ನಿಗೆ ಹಾಕಿ ಬರ್ತೀನಿ. ಮೊದ್ಲೆಲ್ಲ ಯಾರ ಕಾಲ್ ಅಂತ ಕೇಳ್ತಿದ್ಲು, ಈಗ ಕೇಳೋದೂ ಬಿಟ್ಟಿದಾಳೆ. ಮೊನ್ನೆ ಮಗ ಮೆಟ್ಟಿಲ ಹತ್ರ ನಿಂತು "ಅಪ್ಪಾ, ಏನಾದ್ರೂ ಬಂತಾ?" ಅಂದ, ನಾನು "ಆಫೀಸ್ ಕೆಲಸ, ಹೋಗಿ ಮಲ್ಕೋ" ಅಂದೆ. ಈಗ ಸೀಲ್ ಒಡೆಯದ ಒಂದು ಪೂರ್ತಿ ಕಾರ್ಟನ್ ಸಿಕ್ಕಿದೆ, 1,100 ಡಾಲರ್ ಕೊಟ್ಟಿದೀನಿ, ಇದೇ ಕೊನೇದು. ಇದನ್ನ ಬಿಚ್ಚಲಾ ಇಲ್ಲ ಹಾಗೇ ಮಾರಲಾ?

ಉತ್ತರ: ನಿಮ್ಮ ಪತ್ರ ಓದಿ ಮೊದ್ಲು ಮಾಡಿದ ಕೆಲಸ ಏನ್ ಗೊತ್ತಾ, ಕ್ಯಾಲ್ಕುಲೇಟರ್ ತೆಗೆದಿದ್ದು. 140 ಬಾಕ್ಸು, ಬಾಕ್ಸಿಗೆ 36 ಪ್ಯಾಕು, ಪ್ಯಾಕಿಗೆ 15 ಕಾರ್ಡು. 5,040 ಪ್ಯಾಕ್ ಹರಿದಿದೀರಿ, 75,600 ಕಾರ್ಡು ತಿರುಗಿಸಿ ನೋಡಿದೀರಿ ಮಾರಾಯ್ರೆ. ಒಂದೊಂದು ಪ್ಯಾಕಿಗೆ ಎರಡೇ ನಿಮಿಷ ಹಿಡಿದ್ರೂ 168 ಗಂಟೆ, ಅಂದ್ರೆ ಹಗಲು ರಾತ್ರಿ ಸೇರಿಸಿ ಸರಿಯಾಗಿ ಏಳು ದಿನ. ದುಡ್ಡಿನ ಲೆಕ್ಕ ಇಟ್ಟಿದೀರಿ, ಈ ಲೆಕ್ಕ ಇಟ್ಟಿರಲ್ಲ ಅಂತ ಹೇಳಿದೆ ಅಷ್ಟೆ.

ನಂಗೆ ಈ ಕಾರ್ಡ್ ವಿಷಯ ಹೇಗೆ ಗೊತ್ತು ಅಂತ ಕೆಲವು ಓದುಗರು ಹುಬ್ಬೇರಿಸಬಹುದು. ನಾವೂ ಸುಮಾರು ವರ್ಷ ಆ ದೇಶದಲ್ಲಿದ್ವಿ, ನನ್ನ ಮಗನೂ ಶೂ ಡಬ್ಬಿ ತುಂಬ ಇದನ್ನೇ ತುಂಬಿಟ್ಟಿದ್ದ, ವ್ಯಾಕ್ಯೂಮ್ ಮಾಡುವಾಗ ಸೋಫಾ ಕೆಳಗಿಂದ ಕಾರ್ಡ್ ಎತ್ತಿ ಎತ್ತಿ ನಂಗೂ ಅರ್ಧ ಟೀಮಿನ ಹೆಸರು ಬಾಯಿಪಾಠ ಆಗಿತ್ತು.

ಗೊತ್ತಿಲ್ಲದೋರಿಗೆ ಸ್ವಲ್ಪ ಹೇಳ್ತೀನಿ. ಬೇಸ್‌ಬಾಲ್ ಕಾರ್ಡನ್ನ ಮುಂಚೆ ಬಬಲ್‌ಗಮ್ ಜೊತೆ ಮೇಣದ ಕಾಗದದ ಪ್ಯಾಕಲ್ಲಿ ಮಾರ್ತಿದ್ರು, ಮಕ್ಕಳು ಸೈಕಲ್ ಚಕ್ರಕ್ಕೆ ಸಿಕ್ಕಿಸಿ ಟರ್ ಅನ್ನಿಸ್ತಿದ್ರು, ಅಮ್ಮಂದಿರು ಮನೆ ಗುಡಿಸುವಾಗ ಎಸೀತಿದ್ರು. ಟಾಪ್ಸ್ ಕಂಪನಿಯಂತೂ 1952ರ ಮಾರಾಟವಾಗದ ಕಾರ್ಡುಗಳನ್ನ 1960ರಲ್ಲಿ ಗೋಡೌನಲ್ಲಿ ಜಾಗ ಇಲ್ಲ ಅಂತ ದೋಣೀಲಿ ತಗೊಂಡೋಗಿ ಸಮುದ್ರಕ್ಕೆ ಸುರೀತು, ನಿಮ್ಮ ನ್ಯೂಜೆರ್ಸಿ ಕಡೆಯ ಕಡಲಿಗೇ. ಅದೇ 1952ರ ಕಾರ್ಡುಗಳಲ್ಲಿ ಸ್ಟಾರ್ ಆಟಗಾರ ಮಿಕ್ಕಿ ಮ್ಯಾಂಟಲ್ ಕಾರ್ಡ್ ಒಂದು 2022ರಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಹೋಯ್ತು. ಹಳೇ ಕಾರ್ಡಿಗೆ ಬೆಲೆ ಏರೋದು ತುಂಬಾ ಹಿಂದೇನೇ ಶುರುವಾಗಿತ್ತು, ಅದನ್ನ ಕಂಡು 1980ರ ದಶಕದಲ್ಲಿ ಎಲ್ರಿಗೂ ಹುಚ್ಚು ಹಿಡೀತು. ಒಬ್ರೂ ಎಸೀಲಿಲ್ಲ, ಬಾಕ್ಸ್ ಬಾಕ್ಸ್ ತಗೊಂಡು ಅಟ್ಟದ ಮೇಲಿಟ್ರು. ಕಂಪನಿಗಳೂ ಹಗಲು ರಾತ್ರಿ ಅಚ್ಚು ಹಾಕಿದ್ವು. ಎಲ್ರೂ ಕೂಡಿಟ್ಟಿದ್ದಕ್ಕೆ ಬೆಲೆ ಎಲ್ಲಿಂದ ಬರಬೇಕು? ಆ ಕಾಲದ ಮಾಲನ್ನ ಆ ಹವ್ಯಾಸದೋರೇ ಜಂಕ್ ವ್ಯಾಕ್ಸ್ ಅಂತ ಕರೀತಾರೆ, ನಮ್ಮ ಭಾಷೇಲಿ ಹೇಳೋದಾದ್ರೆ ಮೇಣ ಸುತ್ತಿದ ಗುಜರಿ. 35 ವರ್ಷದ ಹಿಂದಿನ ಬಾಕ್ಸು ಇವತ್ತೂ ನಿಮಗೆ ಆರಾಮಾಗಿ ಸಿಗ್ತಿದೆ ಅಂದ್ರೆ ಯಾಕೆ ಅಂತ ಒಂದ್ಸಲ ಯೋಚನೆ ಮಾಡಿ.

ಕಾರ್ಡು ಬೆಟ್ಟದಷ್ಟು ಆದ್ಮೇಲೆ ಕಂಪನಿಗಳು ಅಪರೂಪವನ್ನ ಕೈಯಾರೆ ತಯಾರು ಮಾಡಿದ್ವು. 1990ರಲ್ಲಿ ಅಪ್ಪರ್ ಡೆಕ್ ರೆಗ್ಗಿ ಜಾಕ್ಸನ್ ಹತ್ರ 2,500 ಕಾರ್ಡಿಗೆ ಸಹಿ ಹಾಕಿಸಿ, ನಂಬರ್ ಬರೆಸಿ, ಹೈ ಸೀರೀಸ್ ಪ್ಯಾಕುಗಳಲ್ಲಿ ಅಲ್ಲೊಂದು ಇಲ್ಲೊಂದು ಸೇರಿಸ್ತು. ಮುಂದಿನ ವರ್ಷ ಇನ್ನಿಬ್ರು ಸ್ಟಾರ್ ಆಟಗಾರರು, ನೋಲನ್ ರಯಾನ್ 2,500, ಹ್ಯಾಂಕ್ ಏರನ್ 2,500. ಅದೇ ವರ್ಷ ಸ್ಕೋರ್ ಕಂಪನಿ ಮ್ಯಾಂಟಲ್ ಸಹಿ 2,500. ಇಡೀ ಅಮೆರಿಕಕ್ಕೆ ಹಂಚಿದ ಪ್ಯಾಕುಗಳಲ್ಲಿ ಎರಡೂವರೆ ಸಾವಿರ ಅಂದ್ರೆ ಜಾತ್ರೆ ಜನಜಂಗುಳೀಲಿ ಮೂಗುತಿ ಹರಳು ಬಿದ್ದಂಗೆ. ಅದ್ರಲ್ಲೂ ಎಷ್ಟೋ ಸಹಿ ಆಗಲೇ ಹೊರಗೆ ಬಂದು ಪ್ಲಾಸ್ಟಿಕ್ ಡಬ್ಬಿ ಸೇರಿ ಆಗಿದೆ. ಈಗ ಮಾರ್ಕೆಟ್ಟಲ್ಲಿರೋ ಬಾಕ್ಸುಗಳು 35 ವರ್ಷದಲ್ಲಿ ಎಷ್ಟೋ ಕೈ ದಾಟಿ ಬಂದಿರೋವು. ಬಿಡಿ ಪ್ಯಾಕ್ ಮಾರೋರಲ್ಲಿ ಕೆಲವರು ಬಾಕ್ಸ್ ತೆರೆದು ಒಂದೊಂದೇ ಹರೀತಾ ಹೋಗಿ, ಒಳ್ಳೇದು ಸಿಕ್ಕಿದ ತಕ್ಷಣ ನಿಲ್ಲಿಸಿ, ಉಳಿದಿದ್ದನ್ನ ನಿಮ್ಮಂಥೋರಿಗೆ ಮಾರ್ತಾರೆ. ಅಪ್ಪರ್ ಡೆಕ್ ಪ್ಯಾಕು ಫಾಯಿಲಿಂದು, ಮೇಣದ ಕಾಗದದ ಥರ ಬಿಚ್ಚಿ ಮತ್ತೆ ಅಂಟಿಸೋದು ಸುಲಭ ಇಲ್ಲ, ನಿಜ. ಆದ್ರೆ ಬಾಕ್ಸಿನ ಹೊರಗಿನ ಪ್ಲಾಸ್ಟಿಕ್ ಸುತ್ತೋ ಮೆಷಿನ್ ಯಾರ ಮನೇಲಿ ಬೇಕಾದ್ರೂ ಇರಬಹುದು.

ಕಾರ್ಟನ್ ಸೀಲ್ ಇದೆ ಅಂತ ಧೈರ್ಯವಾಗಿದೀರಿ ಅನ್ಸುತ್ತೆ. ಯೂಟ್ಯೂಬರ್ ಲೋಗನ್ ಪಾಲ್ ಕಥೆ ಕೇಳಿರ್ತೀರಿ, 35 ಲಕ್ಷ ಡಾಲರ್ ಕೊಟ್ಟು ಪೋಕೆಮಾನ್ ಕಾರ್ಡಿನ ಸೀಲ್ಡ್ ಕೇಸ್ ತಗೊಂಡ, ತಜ್ಞರು ಅಸಲಿ ಅಂತ ಸರ್ಟಿಫಿಕೇಟೂ ಕೊಟ್ಟಿದ್ರು, ಜನವರಿ 2022ರಲ್ಲಿ ಬಿಚ್ಚಿ ನೋಡಿದ್ರೆ ಒಳಗೆ ಜಿ.ಐ. ಜೋ ಅನ್ನೋ ಸೈನಿಕ ಗೊಂಬೆಗಳ ಕಾರ್ಡು. ಹಂಗಂತ ಸೀಲ್ ಆಗಿರೋದೆಲ್ಲ ಮೋಸ ಅಂತಲ್ಲ. ಕೆನಡಾದಲ್ಲಿ ಒಂದು ಮನೇಲಿ 1979ರ ಐಸ್ ಹಾಕಿ ಕಾರ್ಡಿನ ಕೇಸ್ ಹಾಗೇ ಉಳಿದಿತ್ತು, ಆ ಆಟದ ದೊಡ್ಡ ಸ್ಟಾರ್ ವೇಯ್ನ್ ಗ್ರೆಟ್ಸ್ಕಿ ಮೊದಲ ಕಾರ್ಡುಗಳು ಅದ್ರಲ್ಲಿ ಇರಬಹುದು ಅಂತ 2024ರಲ್ಲಿ 37 ಲಕ್ಷ ಡಾಲರಿಗೂ ಜಾಸ್ತಿಗೆ ಹರಾಜಾಯ್ತು. ಬಿಚ್ಚದೇ ಇದ್ದಿದ್ದಕ್ಕೇ ಆ ಬೆಲೆ ನೋಡಿ. ಒಳಗೆ ಇರಬಹುದು ಅನ್ನೋದಕ್ಕೆ ಜನ ದುಡ್ಡು ಕೊಡ್ತಾರೆ, ಕತ್ತರಿ ತಾಗಿಸಿದ ಕ್ಷಣ ಆ "ಇರಬಹುದು" ಖಾಲಿ.

ಈಗ ಒಂದು ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ರೆಗ್ಗಿ ಸಹಿ ಇರೋ ಆ 1990ರ ಕಾರ್ಡು ಆನ್‌ಲೈನಲ್ಲಿ ಮಾರಾಟಕ್ಕೆ ಸಿಗುತ್ತೆ. ರಯಾನಂದೂ ಸಿಗುತ್ತೆ, ಏರನಂದೂ ಸಿಗುತ್ತೆ. ನೀವು ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗೆ ಕಳೆದಿರೋ ದುಡ್ಡಲ್ಲಿ ಮೂರನ್ನೂ ತಗೊಂಡು, ಫ್ರೇಮ್ ಹಾಕಿಸಿ, ಇನ್ನೂ ಊರಿಗೆ ಹೋಗಿಬರೋ ಟಿಕೆಟ್ಟಿಗೆ ಉಳೀತಿತ್ತು. ಮೂರು ವರ್ಷದಲ್ಲಿ ಒಂದು ದಿನಾನೂ ಇದು ಹೊಳೀಲಿಲ್ವಾ? ಹೊಳೆದಿರುತ್ತೆ, ಬೇಡ ಅನ್ಸಿರುತ್ತೆ. ಯಾಕೆ ಬೇಡ ಅನ್ಸ್ತು ಅಂತ ನೀವೇ ಒಂದು ಹಾಳೇಲಿ ಬರೆದು ನೋಡಿ, ನಂಗೆ ಕಳಿಸೋದು ಬೇಡ.

ನನ್ನ ಸೋದರಮಾವ ಒಬ್ರಿದ್ರು, ತಿಪಟೂರಲ್ಲಿ, ಒಂದಂಕಿ ಲಾಟರಿ ಹುಚ್ಚು. ರಿಸಲ್ಟ್ ಬರೋ ಹೊತ್ತಿಗೆ ಅಂಗಡಿ ಬೋರ್ಡ್ ಹತ್ರ ಹೋಗ್ತಿರಲಿಲ್ಲ ಅವರು, ಟಿಕೆಟನ್ನ ಜೇಬಲ್ಲಿ ಇಟ್ಕೊಂಡು ಬಸ್‌ಸ್ಟ್ಯಾಂಡ್ ಸುತ್ತ ಎರಡು ಮೂರು ರೌಂಡ್ ಹಾಕಿ, ಒಂದು ಟೀ ಕುಡ್ದು, ಆಮೇಲೆ ನೋಡೋಕೆ ಹೋಗೋರು. ನಾನು ಚಿಕ್ಕೋಳು, ಯಾಕ್ ಮಾಮ ಬೇಗ ನೋಡಬಾರ್ದಾ ಅಂದ್ರೆ, "ನೋಡೋವರೆಗೂ ನಾನು ಲಕ್ಷಾಧಿಪತಿ ಕಣಮ್ಮ" ಅನ್ನೋರು. ನಗು ಬರ್ತಿತ್ತು ಆಗ. ಅತ್ತೆಯ ಎರಡು ಬಳೆ ಹೋದ್ಮೇಲೆ ಯಾರಿಗೂ ನಗು ಬರ್ಲಿಲ್ಲ. 2007ರಲ್ಲಿ ಕರ್ನಾಟಕದಲ್ಲಿ ಲಾಟರಿ ಬಂದ್ ಆದ ದಿನ ಅತ್ತೆ ದೇವರ ಮುಂದೆ ತುಪ್ಪದ ದೀಪ ಹಚ್ಚಿದ್ರು. ನಿಮ್ಮ ಪ್ಯಾಕೂ ನಮ್ಮ ಮಾಮನ ಜೇಬಿನ ಟಿಕೆಟ್ಟೂ ನಂಗೆ ಒಂದೇ ಥರ ಕಾಣ್ತಿವೆ. ನಿಮಗೆ ದಿನಕ್ಕೆ ಬೇಕಾಗಿರೋದು ಬಿಚ್ಚೋಕೆ ಮುಂಚಿನ ಆ ಎರಡು ನಿಮಿಷ, ಅದು ಆನ್‌ಲೈನಲ್ಲಿ ಕೊಂಡ ಕಾರ್ಡಲ್ಲಿ ಬರಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಗೆ ನೇರ ಉತ್ತರ, ಬಿಚ್ಚಬೇಡಿ. ಆದ್ರೆ ಗುಟ್ಟಾಗಿ ಮಾರಲೂಬೇಡಿ. ಗುಟ್ಟಾಗಿ ಮಾರಿದ್ರೆ ಏನಾಗುತ್ತೆ ನಂಗೊತ್ತು, ಕೈಗೆ ಸಾವಿರ ಡಾಲರ್ ಬರುತ್ತೆ, ಇನ್ನೊಂದು "ಕೊನೇದು" ಕಣ್ಣಿಗೆ ಬೀಳುತ್ತೆ. ಮೊದ್ಲು ಹೆಂಡತಿ ಹತ್ರ ಕೂತ್ಕೊಳ್ಳಿ. ಕಾರ್ಟನ್ ತೋರ್ಸೋಕೆ ಮುಂಚೆ ಕ್ರೆಡಿಟ್ ಕಾರ್ಡ್ ಸ್ಟೇಟ್‌ಮೆಂಟ್ ಪ್ರಿಂಟ್ ತೆಗೆದು ಟೇಬಲ್ ಮೇಲಿಡಿ, ಪೂರ್ತಿ, ಒಂದು ಪುಟಾನೂ ಬಚ್ಚಿಡದೆ. "ಹವ್ಯಾಸಕ್ಕೆ ಸ್ವಲ್ಪ ಜಾಸ್ತಿ ಖರ್ಚಾಯ್ತು" ಅಂತ ಅಡ್ಡಗೋಡೆ ಮೇಲೆ ದೀಪ ಇಟ್ಟಂಗೆ ಮಾತಾಡಬೇಡಿ. ರಾತ್ರಿ ಗಂಡ ಸುಳ್ಳು ಹೇಳಿ ಗ್ಯಾರೇಜಲ್ಲಿ ಕೂತ್ಕೋತಾನೆ ಅಂದ್ರೆ ಹೆಣ್ಣುಮಕ್ಕಳ ತಲೆಗೆ ಬರೋದು ಬೇಸ್‌ಬಾಲ್ ಕಾರ್ಡ್ ಅಲ್ಲಪ್ಪ. ಅವರು ಕೇಳೋದು ಬಿಟ್ಟಿದಾರೆ ಅಂತ ಬರೆದಿದೀರಲ್ಲ, ಇಡೀ ಪತ್ರದಲ್ಲಿ ನಂಗೆ ಭಯ ಆಗಿದ್ದು ಆ ಸಾಲು ಓದಿ. ನಿಜ ಕೇಳಿ ಮೊದ್ಲು ಅವರಿಗೆ ಉಸಿರು ಬರಬಹುದು, ಕೋಪ ಆಮೇಲೆ ಬರುತ್ತೆ, ಬರಲಿ, ಬಾಯಿ ಮುಚ್ಕೊಂಡು ಕೇಳಿಸ್ಕೊಳ್ಳಿ. ಕಾರ್ಟನ್ ಮಾರೋ ಕೆಲಸ ಅವರ ಕೈಗೆ ಕೊಡಿ, ಬಂದಿದ್ದು ಅವತ್ತೇ ಬಾಕಿಗೆ ಹೋಗ್ಲಿ. ಉಳಿದ ಕಾರ್ಡಿನ ರಾಶಿಗೆ ಬೆಲೆ ಬರುತ್ತೆ ಅನ್ನೋ ಆಸೆ ಬೇಡ, ಯಾವುದಾದ್ರೂ ಸ್ಕೂಲಿಗೋ ಲೈಬ್ರರಿಗೋ ಬೇಕಾ ಕೇಳಿ ಕೊಟ್ಬಿಡಿ.

ಇನ್ನೊಂದು, ಇದನ್ನ ಓದಿ ಫೋನ್ ಪಕ್ಕಕ್ಕಿಡಬೇಡಿ. ನೀವು ಗ್ಯಾಂಬ್ಲಿಂಗ್ ಮಾಡ್ತಿಲ್ಲ, ಕಾರ್ಡ್ ಕೂಡಿಸ್ತಿದೀನಿ ಅಂತ ನಿಮಗೆ ನೀವೇ ಹೇಳ್ಕೊಂಡಿರ್ತೀರಿ. ಸುಳ್ಳು ಹೇಳಿ, ಸಾಲ ಮಾಡಿ, ಕಸ ಬೇರೆ ಕಡೆ ಎಸೆದು, ಇದೇ ಕೊನೇದು ಅನ್ನೋದಕ್ಕೆ ಬೇರೆ ಹೆಸರು ನಂಗೆ ಗೊತ್ತಿಲ್ಲ. ನಿಮ್ಮ ರಾಜ್ಯದಲ್ಲೇ ಇದಕ್ಕೆ ಹೆಲ್ಪ್‌ಲೈನ್ ಇದೆ, 1-800-GAMBLER. ಕನ್ನಡ ಕೂಟದಲ್ಲಿ ಯಾರಿಗಾದ್ರೂ ಗೊತ್ತಾಗಿಬಿಡುತ್ತೆ ಅನ್ನೋ ಹೆದರಿಕೆನೂ ಬೇಡ, ಫೋನ್ ಎತ್ತೋರಿಗೆ ನಿಮ್ಮ ಊರು ಹಾಸನ ಅಂತ ಗೊತ್ತಿರಲ್ಲ.

ಕೊನೇಗೆ ಮಗನ ವಿಷಯ. ಮಗ ಬಿಟ್ಬಿಟ್ಟ ಅಂತ ಬರೆದಿದೀರಿ, ಬಿಟ್ಟಿದ್ರೆ ರಾತ್ರಿ ಎದ್ದು ಬಂದು ಮೆಟ್ಟಿಲ ಹತ್ರ ಯಾಕೆ ನಿಂತ್ಕೋತಿದ್ದ? ಅವನು ಬಿಟ್ಟಿದ್ದು ಪ್ಯಾಕ್ ಬಿಚ್ಚೋದನ್ನ ಇರಬಹುದು. ಹೆಂಡತಿ ಹತ್ರ ಮಾತು ಮುಗಿದ್ಮೇಲೆ ಒಂದಿನ ಅವನನ್ನ ಪಕ್ಕ ಕೂರಿಸ್ಕೊಂಡು 1977ರ ವರ್ಲ್ಡ್ ಸೀರೀಸ್, ಅಂದ್ರೆ ಬೇಸ್‌ಬಾಲಿನ ಫೈನಲ್ ಸರಣಿ, ಅದರ ಆರನೇ ಮ್ಯಾಚ್ ಹಾಕಿ, ರೆಗ್ಗಿ ಮೂರು ಬೇರೆ ಬೇರೆ ಪಿಚರ್ (ಬಾಲ್ ಎಸೆಯೋರು) ಹಾಕಿದ ಮೂರು ಮೊದಲ ಬಾಲಿಗೇ ಮೂರು ಹೋಮ್‌ರನ್, ನಮ್ಮ ಸಿಕ್ಸರ್ ಥರದ್ದು, ಹೊಡೆದಿದ್ದು. ಇಬ್ರೂ ಸಹಿ ಹುಡುಕೋ ಭರಾಟೇಲಿ ಆ ಮನುಷ್ಯ ಆಡಿದ್ದನ್ನ ನೋಡೇ ಇಲ್ವೇನೋ. ಮ್ಯಾಚ್ ನಡುವೆ ಎಲ್ಲಾದ್ರೂ ಒಂದು ಕಡೆ ಅವನು ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಬಿಡಿ, "ಇಲ್ಲ ಕಣೋ, ಐದು ಸಾವಿರ ಪ್ಯಾಕ್ ಬಿಚ್ಚಿದೆ, ಏನೂ ಬರ್ಲಿಲ್ಲ."