ಹೆದರಿ ಕೊಡೋ ದಶಮಾಂಶ, ಮತ್ತೆ ಆ ಡೈರಿ

ಹುಬ್ಬಳ್ಳಿಯಿಂದ ಒಬ್ಬ ತಂಗಿ ಬರೆದಿರೋ ಪತ್ರ ಓದಿ ಸಂಕಟಾನೂ ಆಯ್ತು, ಸಿಟ್ಟೂ ಬಂತು. ಇವರು ಸ್ಕೂಲ್ ಟೀಚರ್, ಭಾನುವಾರ ಸಭೆಯಲ್ಲಿ, ಅಂದ್ರೆ ಚರ್ಚಲ್ಲಿ, ಮಕ್ಕಳಿಗೆ ಬೈಬಲ್ ಹೇಳಿಕೊಡೋ ಸಂಡೇ ಸ್ಕೂಲ್ ನಡೆಸ್ತಾರೆ, ಶುಕ್ರವಾರದ ಉಪವಾಸ ಕೂಟ ತಪ್ಪಿಸಲ್ಲ. ಹೋದ ವರ್ಷ ಮಗಳ ಫೀಸ್ ಕಟ್ಟೋಕೆ ಅಂತ ಒಂದು ತಿಂಗಳ ದಶಮಾಂಶ, ಅಂದ್ರೆ ಆದಾಯದಲ್ಲಿ ಹತ್ತನೇ ಒಂದು ಪಾಲು, ಸಭೆಗೆ ಕೊಡೋಕಾಗ್ಲಿಲ್ಲ, ಅದೇ ತಿಂಗಳು ಮಗಳಿಗೆ ಡೆಂಗ್ಯೂ. ಮಗು ಈಗ ಹುಷಾರಾಗಿದೆ, ಆದ್ರೆ ಅವತ್ತಿಂದ ಪ್ರಾರ್ಥನೆಗೆ ಕೂತ್ರೂ ಭಯಕ್ಕೆ, ಕಾಣಿಕೆ ಹಾಕಿದ್ರೂ ಭಯಕ್ಕೆ. "ಪ್ರೀತಿ ಇಲ್ದೆ ಮಾಡೋ ವಿಧೇಯತೆ ಕಪಟ ಅಲ್ವಾ ಅಕ್ಕಾ, ಎಲ್ಲಾ ನಿಲ್ಲಿಸಿಬಿಡ್ಲಾ?" ಅಂತ ಕೇಳಿದಾರೆ.

ಪತ್ರದ ಕೊನೇಲಿ ಅರ್ಧ ಸಾಲಲ್ಲಿ, ದಿನಾ ಒಂದು ಡೈರಿ ಬರೀತೀನಿ ಅಂತ ಹೇಳಿ ಒಂದು ಪುಟದ ಫೋಟೋನೂ ಕಳಿಸಿದಾರೆ. ಎಡಗಡೆ "ಶುಕ್ರವಾರ ಉಪವಾಸ ಆಗ್ಲಿಲ್ಲ", ಬಲಗಡೆ "ಗೀಜರ್ ಕೆಟ್ಟಿತು". ಎಡಗಡೆ "ದಶಮಾಂಶ 3,200", ಬಲಗಡೆ "ಯಜಮಾನ್ರಿಗೆ ಇನ್‌ಕ್ರಿಮೆಂಟ್". ತಂಗಿ, ನಿಮ್ಮ ಕಾಯಿಲೆ ಇರೋದು ಈ ಪುಟದಲ್ಲಿ. ಪ್ರೀತಿ ಇದ್ಯೋ ಇಲ್ವೋ ಅನ್ನೋದು ಆಮೇಲಿನ ಮಾತು, ನೀವು ದೇವರ ಹತ್ರ ಚೀಟಿ ಕಟ್ಟಿದ ಹಾಗೆ ಕಟ್ತಾ ಇದೀರ, ಒಂದು ಕಂತು ತಪ್ಪಿದ್ರೆ ದಂಡ ಬೀಳತ್ತೆ ಅಂತ ಕಾಯ್ತಾ ಇದೀರ.

ನಾನು ಯಾವಾಗ್ಲೂ ಹೇಳೋದೇ ಇದು, ಮೊದಲು ಬಿಡುಗಡೆ, ಆಮೇಲೆ ಆಜ್ಞೆ. ಬೈಬಲಲ್ಲಿ ವಿಮೋಚನಕಾಂಡ 20ನೇ ಅಧ್ಯಾಯ ತೆಗೆದು ನೋಡಿ, ಹತ್ತು ಆಜ್ಞೆ ಶುರುವಾಗೋ ಮುಂಚೆ ದೇವರು ಹೇಳೋದು ನಿಮ್ಮನ್ನ ಐಗುಪ್ತದ (ಈಜಿಪ್ಟಿನ) ದಾಸತ್ವದಿಂದ ಬಿಡಿಸಿದವನು ನಾನೇ ಅಂತ. ಆಜ್ಞೆ ಪಾಲಿಸಿದ್ರೆ ಬಿಡಿಸ್ತೀನಿ ಅಂತ ಅಲ್ಲ, ಬಿಡಿಸಿ ಆಗಿತ್ತು. 1563ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಲ್ಲಿ ಸಭೆಗೆ ಅಂತ ಪ್ರಶ್ನೋತ್ತರ ಬರೆದವರು ಹತ್ತು ಆಜ್ಞೆಗಳನ್ನ ಇಟ್ಟಿದ್ದು ಕೃತಜ್ಞತೆ ಅನ್ನೋ ಭಾಗದಲ್ಲಿ, ಮನುಷ್ಯನ ಪಾಪದ ಭಾಗದಲ್ಲಿ ಅಲ್ಲ. ಲೂಕ 15ರಲ್ಲಿ ಯೇಸುಸ್ವಾಮಿ ಹೇಳಿದ ಕಥೆಯಲ್ಲಿ, ಮನೆ ಬಿಟ್ಟು ಹೋದ ಚಿಕ್ಕ ಮಗ ವಾಪಸ್ ಬಂದ ಅಂತ ಅಪ್ಪ ಹಬ್ಬ ಮಾಡ್ತಾನೆ. ಅಲ್ಲಿನ ದೊಡ್ಡ ಮಗನೂ ಅಪ್ಪನ ಒಂದು ಮಾತೂ ಮೀರಿರ್ಲಿಲ್ಲ, ಆದ್ರೆ ಇಷ್ಟು ವರ್ಷ ದುಡಿದೆ, ಒಂದು ಆಡಿನ ಮರಿನೂ ಕೊಡ್ಲಿಲ್ಲ ಅಂತ ಲೆಕ್ಕ ಇಟ್ಕೊಂಡಿದ್ದ, ಅದಕ್ಕೇ ಅಪ್ಪನ ಮನೆಯಲ್ಲಿ ಇದ್ದೂ ಹಬ್ಬಕ್ಕೆ ಒಳಗೆ ಹೋಗೋಕೆ ಮನಸ್ಸಾಗ್ಲಿಲ್ಲ.

ಈ ಭಯ ತಂಗಿಗೆ ತಾನಾಗಿ ಬಂದಿದ್ದಲ್ಲ. ಮಗುಗೆ ಡ್ರಿಪ್ ಹಾಕಿ ಮಲಗಿಸಿದಾಗ ಪ್ರಾರ್ಥನೆಗೆ ಅಂತ ಬಂದ ಸಭೆಯ ಆಂಟಿ ಒಬ್ಬರು, ಮಗು ತಲೆ ಮೇಲೆ ಕೈ ಇಟ್ಕೊಂಡೇ "ಈ ತಿಂಗಳ ದಶಮಾಂಶ ಕೊಟ್ಟೀರೇನ್ರಿ?" ಅಂತ ಕೇಳಿದಾರೆ. ಆ ಆಂಟಿ ಮಾಡಿದ್ದು ಘೋರ ತಪ್ಪು. ಹುಟ್ಟುಕುರುಡನನ್ನ ನೋಡಿ ಶಿಷ್ಯರು ಯಾರ ಪಾಪಕ್ಕೆ ಹೀಗಾಯ್ತು ಅಂತ ಕೇಳಿದಾಗ ಯೇಸುಸ್ವಾಮಿ ಇವನದ್ದೂ ಅಲ್ಲ, ಇವನ ತಂದೆತಾಯಿದೂ ಅಲ್ಲ ಅಂದ್ರು, ಯೋಹಾನ 9ರಲ್ಲಿದೆ. ಡೆಂಗ್ಯೂ ಬರೋದು ಸೊಳ್ಳೆಯಿಂದ, ನಿಮ್ಮೂರಲ್ಲಿ ನೀರು ದಿನಾ ಬರಲ್ಲ ಅಂತ ಡ್ರಮ್ಮಲ್ಲಿ ತುಂಬಿಡ್ತೀರಲ್ಲ, ಮುಚ್ಚದೆ ಬಿಟ್ರೆ ಆ ನೀರಲ್ಲೇ ಅದು ಮೊಟ್ಟೆ ಇಡೋದು. ಡ್ರಮ್ ಮುಚ್ಚಿಡಿ.

ಹಾಗಾದ್ರೆ ಎಲ್ಲಾ ನಿಲ್ಲಿಸ್ಬೇಕಾ? ಖಂಡಿತ ಬೇಡ. ಮನಸ್ಸು ಪೂರ್ತಿ ಶುದ್ಧ ಆಗ್ಲಿ ಆಮೇಲೆ ಮಾಡೋಣ ಅಂತ ಕೂತ್ರೆ ಸಂಡೇ ಸ್ಕೂಲ್ ಮಕ್ಕಳಿಗೆ ಟೀಚರೇ ಇರಲ್ಲ. ಭಯ ಒಂದೇ ದಿನಕ್ಕೆ ಹೋಗಲ್ಲ, ಪೂರ್ಣ ಪ್ರೀತಿ ಭಯವನ್ನ ಹೊರಗೆ ಹಾಕತ್ತೆ ಅಂತ ಯೋಹಾನ ಬರೆದಿದಾನೆ, ಅದು ದೇವರು ನಮ್ಮನ್ನ ಮೊದಲು ಪ್ರೀತಿಸಿದ್ದನ್ನ ನಂಬ್ತಾ ನಂಬ್ತಾ ಆಗೋ ಕೆಲಸ.

ನೀವು ಮಾಡ್ಬೇಕಾದ್ದು ಒಂದೇ, ಇವತ್ತು ರಾತ್ರಿನೇ ಆ ಡೈರಿ ಹರಿದು ಸುಟ್ಟುಬಿಡಿ, ಇನ್ನೊಂದು ಶುರು ಮಾಡ್ಬೇಡಿ. ಕಾಣಿಕೆನ ಮನಸ್ಸಲ್ಲಿ ನಿಶ್ಚಯಿಸಿದಷ್ಟು ಹೆಸರಿಲ್ಲದ ಕವರಲ್ಲಿ ಹಾಕಿ, ಬಲಾತ್ಕಾರದಿಂದ ಕೊಡಬೇಡಿ ಅಂತ ಪೌಲನೇ ಕೊರಿಂಥ ಊರಿನ ಸಭೆಯವರಿಗೆ ಪತ್ರದಲ್ಲಿ ಬರೆದಿದಾನೆ. ಆ ಆಂಟಿ ಮತ್ತೆ ಕೇಳಿದ್ರೆ ಉತ್ತರ ಕೊಡೋ ಕೆಲಸ ನಿಮ್ಮದಲ್ಲ, ನಿಮ್ಮ ಯಜಮಾನ್ರು ಕೊಡ್ಲಿ, ಅವತ್ತು ವಾರ್ಡಲ್ಲಿ ಪಕ್ಕದಲ್ಲೇ ನಿಂತು ಸುಮ್ನೆ ಕೇಳಿಸ್ಕೊಂಡವರು ಅವರೇ ತಾನೆ.